ಮೊದಲ ತುತ್ತಿನ ಪೊಟರೆ

ಒಂದು ಕಾಡಿನಲ್ಲಿ ಒಂದು ಹಳ್ಳ, ಹಳ್ಳದ ಆಚೆ ಒಂದು ಬೋಳುಗುಡ್ಡ, ಆ ಗುಡ್ಡದ ನೆತ್ತಿಯಲ್ಲಿ ಒಂದು ಶಾಲೆ ಇತ್ತು. ಶಾಲೆ ಎಂದರೆ ಗೋಡೆಯಿಲ್ಲ, ಮಾಡಿಲ್ಲ. ಒಂದು ಹಾಸುಬಂಡೆ, ಅದರ ಮೇಲೆ ಕಡವೆ ಮೇಷ್ಟ್ರು, ಅಷ್ಟೇ. ಮೇಷ್ಟ್ರಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಆದರೆ ಯಾವ ಬೇರು ಗಾಯಕ್ಕೆ ಒಳ್ಳೆಯದು, ಯಾವ ಸೊಪ್ಪು ಹೊಟ್ಟೆ ಕೆಡಿಸುತ್ತದೆ, ಬೇಸಿಗೆಯಲ್ಲಿ ಎಲ್ಲಿ ಮರಳು ಕೆರೆದರೆ ನೀರು ಸಿಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮಳೆ ನಿಂತ ಮೇಲೆ ಕಾಡಿನ ಮರಿಗಳು ಗುಡ್ಡ ಹತ್ತುತ್ತಿದ್ದವು. ಬೇಸಿಗೆ ಬರುವವರೆಗೆ ಅಲ್ಲೇ ಇದ್ದು ಕಲಿಯುತ್ತಿದ್ದವು.

ಗುಡ್ಡದ ಮೇಲೆ ತಿನ್ನುವುದಕ್ಕೆ ಏನೂ ಬೆಳೆಯುತ್ತಿರಲಿಲ್ಲ. ಹಾಗಾದರೆ ಮರಿಗಳ ಹೊಟ್ಟೆಗೇನು? ಅದಕ್ಕೆ ಕಾಡಿನ ಹಿರಿಯರು ಒಂದು ಪದ್ಧತಿ ಮಾಡಿಟ್ಟಿದ್ದರು. ಹಳ್ಳದ ಈಚೆ ದಡದಲ್ಲಿ ಒಂದು ಹಳೆಯ ಮತ್ತಿ ಮರ. ಅದರ ಬುಡದಲ್ಲಿ ದೊಡ್ಡ ಪೊಟರೆ. ದಿನಾ ಸಿಕ್ಕಿದ ಆಹಾರದಲ್ಲಿ ಮೊದಲ ತುತ್ತನ್ನು ಪ್ರತಿಯೊಬ್ಬರೂ ಅದಕ್ಕೆ ಹಾಕಬೇಕು. ಹಾಕುವಾಗ ಪೊಟರೆಯ ಕಡೆ ಬೆನ್ನು ತಿರುಗಿಸಿ, ಹಿಂದಕ್ಕೆ ನಡೆದು, ಹಿಂಗಾಲಿನಿಂದ ಒಳಕ್ಕೆ ತಳ್ಳಬೇಕು. ಒಳಗೆ ಇಣುಕಬಾರದು. ಅವರದೆಷ್ಟು, ನನ್ನದೆಷ್ಟು ಎಂಬ ಲೆಕ್ಕ ಮನಸ್ಸಿಗೆ ಬಂತೋ, ಕೊಟ್ಟದ್ದು ಕೆಟ್ಟಿತು ಎಂದು ಹಿರಿಯರು ಹೇಳುತ್ತಿದ್ದರು. ಕೊಡಲು ಏನೂ ಇಲ್ಲದವರು ಹೊರುವ ಕೆಲಸ ಮಾಡುತ್ತಿದ್ದರು. ಕಾಡುಹಂದಿಯೂ ಕಾಡುಕೋಣವೂ ಸರದಿಯ ಮೇಲೆ ಆ ಬುತ್ತಿಯನ್ನು ಹೊತ್ತು ಹಳ್ಳ ದಾಟಿಸಿ ಗುಡ್ಡಕ್ಕೆ ಮುಟ್ಟಿಸುತ್ತಿದ್ದವು. ಬಾಣಂತಿಯರಿಗೆ, ಕಾಲು ಮುರಿದುಕೊಂಡ ಮುದುಕರಿಗೆ ಕೂಡ ಅದರಲ್ಲೇ ಒಂದು ಪಾಲು ಹೋಗುತ್ತಿತ್ತು. ಹನಿಗೂಡಿದರೆ ಹಳ್ಳ ಎಂದು ಸುಮ್ಮನೆ ಹೇಳುತ್ತಾರೆಯೇ!

ಆ ಕಾಡಿನಲ್ಲಿ ಸೂಜವ್ವ ಎಂಬ ಮುಳ್ಳುಹಂದಿ ಇದ್ದಳು. ಅವಳ ಗಂಡ ಒಳ್ಳೆಯವನು. ಯಾವ ಗೆಡ್ಡೆ ಅಗೆದರೂ ಮೊದಲು ತಾನು ಕಚ್ಚಿ ನೋಡಿ, ಆಮೇಲೆ ಹೆಂಡತಿಗೂ ಮಗಳಿಗೂ ಕೊಡುತ್ತಿದ್ದ. ಒಂದು ಬೇಸಿಗೆಯಲ್ಲಿ ಹಾಗೆ ಕಚ್ಚಿ ನೋಡಿದ ಗೆಡ್ಡೆ ವಿಷದ್ದಾಗಿತ್ತು. ಎಲೆ ಒಣಗಿ ಹೋದ ಕಾಲದಲ್ಲಿ ಒಳ್ಳೆಯ ಗೆಡ್ಡೆ ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸುವುದು ಅವನಿಗೆ ತಿಳಿದಿರಲಿಲ್ಲ. ಅವನೂ ಶಾಲೆಗೆ ಹೋದವನಲ್ಲ, ಸೂಜವ್ವನೂ ಹೋದವಳಲ್ಲ. ಅವನು ಸತ್ತ ಮೇಲೆ ಬಹಳ ದಿನ ಅವಳು ಬಿಲದಿಂದ ಹೊರಗೆ ಬರಲಿಲ್ಲ. ಆದರೂ ಅವಳೂ ಮಗಳೂ ಉಪವಾಸ ಬೀಳಲಿಲ್ಲ. ಬೆಳಗಾದರೆ ಬಿಲದ ಬಾಯಲ್ಲಿ ಹಣ್ಣೋ ಬೇರೋ ಗರಿಕೆಯೋ ಇರುತ್ತಿತ್ತು. ಯಾರು ಇಟ್ಟರು ಎಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಮಗಳ ಹೆಸರು ಮೊನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುವವರು ನಗಲಿ, ಸೂಜವ್ವನ ಕಣ್ಣಿಗೆ ಮೊನೆಯಷ್ಟು ಚೆಂದದ ಮರಿ ಆ ಕಾಡಿನಲ್ಲೇ ಇರಲಿಲ್ಲ. ಮಳೆ ನಿಂತ ಮೇಲೆ ಎದೆ ಗಟ್ಟಿ ಮಾಡಿಕೊಂಡು ಮಗಳನ್ನು ಗುಡ್ಡಕ್ಕೆ ಕಳಿಸಿದಳು. ಗೆಡ್ಡೆಯ ಪಾಠವನ್ನು ಮೇಷ್ಟ್ರು ಎಲ್ಲಕ್ಕಿಂತ ಕೊನೆಗೆ, ಎಲೆಯೆಲ್ಲ ಒಣಗಿದ ಮೇಲೆ ಹೇಳಿಕೊಡುತ್ತಾರೆ ಎಂದು ಅವಳು ಕೇಳಿದ್ದಳು. ಅದೊಂದು ಪಾಠ ಮಗಳ ತಲೆಗೆ ಹತ್ತಿದರೆ ಸಾಕು ಎಂಬುದೇ ಅವಳ ಆಸೆ.

ಆದರೆ ಮಗಳಿಲ್ಲದ ಬಿಲ ಬಿಲವೇ? ಮಲಗಿದರೆ ಪಕ್ಕ ಬರಿದು. ಹೆತ್ತವರು ಶಾಲೆಯ ಗುಡ್ಡ ಹತ್ತಬಾರದು ಎಂಬ ಕಟ್ಟಳೆ ಬೇರೆ ಇತ್ತು. ತಾಯಿಯ ಮುಖ ಕಂಡರೆ ಮರಿ ಪಾಠ ಬಿಟ್ಟು ಹಿಂದೆ ಓಡಿಬರುತ್ತದಲ್ಲ! ಸೂಜವ್ವ ದಿನವೂ ಪೊಟರೆಗೆ ತನ್ನ ಒಂದು ಗೆಡ್ಡೆ ತಳ್ಳಿ, ಹಳ್ಳದ ದಡದಲ್ಲಿ ನಿಂತು ಗುಡ್ಡ ನೋಡುತ್ತಿದ್ದಳು. ಗಾಳಿ ನಿಂತ ಸಂಜೆಗಳಲ್ಲಿ ಮರಿಗಳು ಒಟ್ಟಿಗೆ ಪಾಠ ಒಪ್ಪಿಸುವ ದನಿ ಕೇಳಿಸುತ್ತಿತ್ತು. ಅದರಲ್ಲಿ ಮೊನೆಯ ದನಿ ಯಾವುದು ಎಂದು ಹುಡುಕುತ್ತ ಹುಡುಕುತ್ತ ಕತ್ತಲಾಗಿಬಿಡುತ್ತಿತ್ತು.

ಹೀಗಿರುವಾಗ ಪುನಗಪ್ಪ ಎಂಬ ಪುನುಗುಬೆಕ್ಕು ಮತ್ತಿ ಮರಕ್ಕೆ ಬಂದು ಬೀಡುಬಿಟ್ಟ. ಅವನದು ಸೋಮಾರಿ ಮೈ, ಸಕ್ಕರೆಯಂಥ ಮಾತು. ಒಂದು ದಿನ ಎಲ್ಲರನ್ನೂ ಕರೆದು, ಇಷ್ಟು ಒಳ್ಳೆಯ ಕಾಡಿನಲ್ಲಿ ಕೊಟ್ಟವರ ಹೆಸರನ್ನೇ ಮುಚ್ಚಿಡುವುದು ಯಾವ ನ್ಯಾಯ ಎಂದು ಕೇಳಿದ. ಇನ್ನು ಮುಂದೆ ದಿನಾ ಬೆಳಗ್ಗೆ ಮರದ ತುದಿಗೆ ಹತ್ತಿ ಕೊಟ್ಟವರ ಹೆಸರನ್ನು ಕಾಡಿಗೆಲ್ಲ ಕೇಳುವಂತೆ ತಾನೇ ಕೂಗುವುದಾಗಿ ಹೇಳಿದ. ಪೊಟರೆ ಕಾಯುವ ಕೆಲಸವೂ, ಬುತ್ತಿ ಸಾಗಿಸುವ ಏರ್ಪಾಡೂ ತನ್ನದೇ, ಎಲ್ಲ ಬಿಟ್ಟಿ ಸೇವೆ ಎಂದ. ಯಾರೋ ಒಬ್ಬರು, ಹಾಗಾದರೆ ಒಳಗೆ ಎಷ್ಟಿದೆ ಎಂದು ನಾವೂ ನೋಡಬಹುದೇ ಎಂದು ಕೇಳಿದರು. ಪುನಗಪ್ಪ ಕೆನ್ನೆ ಕೆನ್ನೆ ಬಡಿದುಕೊಂಡ. ಹಿರಿಯರು ಮಾಡಿದ ಪದ್ಧತಿ, ಇಣುಕುವುದುಂಟೇ ಎಂದ. ತನಗೆ ಬೇಡದ ಪದ್ಧತಿ ಹಳತು, ಬೇಕಾದದ್ದು ಹಿರಿಯರದು. ಇಂಥವರು ಎಲ್ಲ ಕಾಡಿನಲ್ಲೂ ಇರುತ್ತಾರೆ.

ಮಾರನೆಯ ದಿನದಿಂದ ಕೂಗು ಶುರುವಾಯಿತು. ಹೊರೆ ಹೊರೆ ತಂದವರಿಗೆ ಬಿರುದು ಬೇರೆ. “ದಾನಶೂರ ನವಿಲಪ್ಪನವರು, ಧರ್ಮಾತ್ಮ ಮುಸುವಣ್ಣನವರು, ಹಾಗೂ ಇತರರು” ಎಂದು ಪುನಗಪ್ಪ ಮರದ ತುದಿಯಿಂದ ಸಾರುತ್ತಿದ್ದ. ನವಿಲು ಆ ದಿನವೆಲ್ಲ ಗರಿ ಬಿಚ್ಚಿಕೊಂಡೇ ತಿರುಗಿತು, ಕರಿಮೂತಿಯ ಕೋತಿ ಮುಸುವ ಬಾಲ ಎತ್ತಿಕೊಂಡೇ ಕೂತಿತು. ಒಂದು ಗೆಡ್ಡೆಯ ಸೂಜವ್ವ, ನಾಲ್ಕು ಎಸಳು ಗರಿಕೆಯ ಮೊಲದಜ್ಜಿ, ಒಂದು ಕಾಯಿಯ ಅಳಿಲು, ಇವರೆಲ್ಲ ಇತರರು.

ಇತರರು ಎಂಬ ಮಾತು ಸೂಜವ್ವನಿಗೆ ಚುಚ್ಚಿತು. ಮುಳ್ಳುಹಂದಿಗೂ ಚುಚ್ಚುತ್ತದೆ. ಗಂಡ ಹೋದ ಮೇಲೆ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ತನ್ನ ಹೆಸರು ಒಂದು ಸಲ ಈ ಕಾಡಿನ ಮೇಲೆ ಹಾದುಹೋಗಬೇಕು, ಆಚೆ ಗುಡ್ಡದ ಮೇಲೆ ಕೂತ ಮೊನೆಗೆ ಕೇಳಿಸಬೇಕು, ನಮ್ಮವ್ವ ಅಲ್ಲೇ ಇದ್ದಾಳೆ, ನನ್ನನ್ನು ಮರೆತಿಲ್ಲ ಎಂದು ಅವಳಿಗೆ ಗೊತ್ತಾಗಬೇಕು ಎಂಬ ಆಸೆ ಹುಟ್ಟಿತು. ಹುಟ್ಟಿದ ಆಸೆ ಬಿಡುತ್ತದೆಯೇ? ದಿನಕ್ಕೊಂದು ಗೆಡ್ಡೆ ಹಾಕುವುದನ್ನು ನಿಲ್ಲಿಸಿದಳು. ಬಿಲದಲ್ಲಿ ಕೂಡಿಡತೊಡಗಿದಳು. ಒಂದೇ ಸಲ ದೊಡ್ಡ ರಾಶಿ ಹಾಕಿ ಹೆಸರು ಹೇಳಿಸಿಕೊಳ್ಳಬೇಕು ಎಂಬುದು ಅವಳ ಲೆಕ್ಕ. ಅಳಿಲೂ ಅದೇ ಲೆಕ್ಕ ಹಾಕಿತ್ತು ಎಂದು ಅವಳಿಗೇನು ಗೊತ್ತು! ಮೊಲದಜ್ಜಿಯಂತೂ, ನನ್ನ ನಾಲ್ಕು ಎಸಳಿಗೆ ಯಾರು ಕಾದಿದ್ದಾರೆ ಎಂದು ಪೊಟರೆಯ ದಾರಿಯನ್ನೇ ಬಿಟ್ಟಳು.

ಕೊನೆಗೂ ಸೂಜವ್ವನ ರಾಶಿ ದೊಡ್ಡದಾಯಿತು. ಒಂದು ಮುಂಜಾನೆ ಅದನ್ನೆಲ್ಲ ಉರುಳಿಸಿಕೊಂಡು ಹೋಗಿ ಮತ್ತಿ ಮರದ ಬುಡದಲ್ಲಿ ಒಟ್ಟಿದಳು. ಪುನಗಪ್ಪ ರಾಶಿಯನ್ನು ನೋಡಿ ತುಟಿ ಸವರಿಕೊಂಡ. ಎಲ್ಲ ತಾನೇ ಒಳಗಿಡುತ್ತೇನೆ, ಇಂದೇ ಗುಡ್ಡಕ್ಕೆ ಕಳಿಸುತ್ತೇನೆ, ತಾಯಿ ಹೋಗಿ ದಣಿವಾರಿಸಿಕೊಳ್ಳಲಿ ಎಂದ. ಆಮೇಲೆ ಸರಸರನೆ ಮರ ಹತ್ತಿ ಕೂಗಿದ.

“ಮಹಾತಾಯಿ ಸೂಜವ್ವನವರು!”

ಆ ಹೆಸರು ಮರಗಳ ಮೇಲೆ ಹೋಯಿತು, ಹಳ್ಳ ದಾಟಿತು, ಗುಡ್ಡಕ್ಕೆ ಬಡಿದು ತಿರುಗಿ ಬಂತು. ಸೂಜವ್ವ ನಿಂತಲ್ಲೇ ಅತ್ತುಬಿಟ್ಟಳು. ಅಷ್ಟು ಸಂತೋಷ ಅವಳಿಗೆ ಬಹಳ ಕಾಲದಿಂದ ಆಗಿರಲಿಲ್ಲ.

ಆದರೆ ಸಂತೋಷವೂ ಒಬ್ಬರೇ ಇಟ್ಟುಕೊಳ್ಳುವ ವಸ್ತುವಲ್ಲ. ಮೊನೆಗೆ ಕೇಳಿಸಿತೋ ಇಲ್ಲವೋ ಎಂಬ ಯೋಚನೆ ಹತ್ತಿತು. ರಾತ್ರಿಯೆಲ್ಲ ಅದೇ. ಬೆಳಗಾದ ಕೂಡಲೇ ಕಟ್ಟಳೆ ಮುರಿದು ಸೂಜವ್ವ ಹಳ್ಳ ದಾಟಿದಳು. ದೂರದಿಂದ ಒಂದು ಸಲ ನೋಡಿ ಬಂದುಬಿಡುತ್ತೇನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನೋಡಿದ ಮೇಲೆ ದೂರದಲ್ಲಿ ನಿಲ್ಲುವ ತಾಯಿ ಎಲ್ಲಿದ್ದಾಳೆ?

ಹಾಸುಬಂಡೆಯ ಮೇಲೆ ಪಾಠ ನಡೆಯುತ್ತಿರಲಿಲ್ಲ. ಮರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಮೇಷ್ಟ್ರ ಪಕ್ಕೆಲುಬು ಎದ್ದು ಕಾಣುತ್ತಿತ್ತು. ಆ ಮರಿಗಳ ನಡುವಿನಿಂದ ಒಂದು ಎದ್ದು ಬಂತು. ಮುಳ್ಳೆಲ್ಲ ಜೋತುಬಿದ್ದಿದ್ದವು, ಮೈ ಅರ್ಧವಾಗಿತ್ತು. ಅದು ಮೊನೆ ಎಂದು ತಿಳಿಯಲು ಸೂಜವ್ವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ನಿನ್ನ ಹೆಸರು ಇಲ್ಲಿಗೂ ಕೇಳಿಸ್ತು ಅವ್ವ,” ಎಂದಳು ಮೊನೆ. “ಗೆಡ್ಡೆ ಬರುತ್ತೆ ಅಂತ ಎಲ್ಲರಿಗೂ ಹೇಳಿದೆ. ಸಾಯಂಕಾಲದ ತನಕ ಕಾದ್ವಿ.”

ಮಗಳನ್ನು ಅಪ್ಪಿಕೊಳ್ಳೋಣವೆಂದರೆ ಮುಳ್ಳು ಅಡ್ಡ. ಸೂಜವ್ವ ಮೂಗಿಗೆ ಮೂಗು ತಾಗಿಸಿ ನಿಂತಳು.

ಮೇಷ್ಟ್ರು ನಿಧಾನವಾಗಿ ಎಲ್ಲ ಹೇಳಿದರು. ಬಹಳ ದಿನದಿಂದ ಬುತ್ತಿ ಬಂದಿರಲಿಲ್ಲ. ಬಂಡೆಯ ಸಂದಿನಲ್ಲಿ ಕೂಡಿಟ್ಟ ಒಣಕಾಯಿ ತಿಂದು ದಿನ ನೂಕಿದ್ದರು. ಹೆಸರುಗಳು ದಿನವೂ ಕೇಳಿಸುತ್ತಿದ್ದವು, ಆದರೆ ಊಟ ಬರುತ್ತಿರಲಿಲ್ಲ. ಕಾಡಿನಲ್ಲೇ ಯಾರಿಗೋ ಹೆಚ್ಚಿನ ಕಷ್ಟ ಬಂದಿರಬೇಕು, ಅಲ್ಲಿಗೆ ಹೋಗುತ್ತಿರಬೇಕು ಎಂದುಕೊಂಡು ಮೇಷ್ಟ್ರು ಯಾರನ್ನೂ ಕೇಳಿರಲಿಲ್ಲ. ಕೇಳಿ ಪಡೆಯುವುದು ಶಾಲೆಯ ಪದ್ಧತಿಯಾಗಿರಲಿಲ್ಲ.

“ಇವತ್ತು ಶಾಲೆ ಮುಚ್ಚಿ ಮರಿಗಳನ್ನು ಮನೆಗೆ ಕಳಿಸ್ತೀನಿ ತಾಯಿ,” ಎಂದರು ಮೇಷ್ಟ್ರು. “ಗೆಡ್ಡೆಯ ಪಾಠ ಒಂದು ಉಳಿದುಹೋಯ್ತು. ಎಲೆ ಈಗಷ್ಟೇ ಒಣಗ್ತಾ ಇದೆ. ಬಂದದ್ದು ಬಂದೇ ಬಿಟ್ಟಿದ್ದೀರಿ, ನಿಮ್ಮ ಮಗಳನ್ನು ಕರೆದುಕೊಂಡು ಹೋಗಿ.”

ಎಷ್ಟು ದಿನದಿಂದ ಅವಳು ಬಯಸಿದ್ದೇ ಅದು. ಮಗಳು ಪಕ್ಕದಲ್ಲಿ ಬಂದು ಮಲಗುತ್ತಾಳೆ, ಈ ಸಂಜೆಯೇ ಮಲಗುತ್ತಾಳೆ. ಹೂಂ ಎಂದರೆ ಮುಗಿಯಿತು. ಮೊನೆಯ ಕಣ್ಣೂ ಹೂಂ ಎನ್ನು ಎಂದೇ ಹೇಳುತ್ತಿತ್ತು. ಆದರೆ ಸೂಜವ್ವನ ಕಣ್ಣಿಗೆ ಗಂಡ ನೆಲಕ್ಕೆ ಬಿದ್ದು ಒದ್ದಾಡಿದ್ದು ಬಂತು. ಈ ಬೇಸಿಗೆಯಲ್ಲಿ ಯಾರು ಮೊದಲು ಕಚ್ಚಿ ನೋಡಬೇಕು? ತಾನು. ತಾನೂ ಹೋದ ಮೇಲೆ? ಮೊನೆ.

“ಇವತ್ತು ಒಂದು ಸಂಜೆ ತಡೀರಿ ಮೇಷ್ಟ್ರೆ,” ಎಂದಳು. “ಬುತ್ತಿ ಬರದಿದ್ದರೆ ನಾಳೆ ಕಳಿಸಿಬಿಡಿ.” ಮಗಳ ಕಡೆ ತಿರುಗಿ ನೋಡದೆ ಇಳಿದು ಹೋದಳು. ನೋಡಿದ್ದರೆ ಇಳಿಯುತ್ತಿರಲಿಲ್ಲ.

ದಾರಿಯುದ್ದಕ್ಕೂ ಅವಳು ತನ್ನನ್ನೇ ಬೈದುಕೊಂಡಳು. ತಾನು ಗೆಡ್ಡೆ ಕೂಡಿಟ್ಟ ದಿನಗಳೆಲ್ಲ ಮಗಳು ಹಸಿದಿದ್ದ ದಿನಗಳೇ. ಹಳ್ಳದ ಬಳಿ ಕಾಡುಹಂದಿ ಕೆಸರಿನಲ್ಲಿ ಹೊರಳಾಡುತ್ತಿತ್ತು. ಬುತ್ತಿ ಯಾಕೆ ಹೊರುತ್ತಿಲ್ಲ ಎಂದು ಸೂಜವ್ವ ಕೇಳಿದಳು. ಕಾಡುಹಂದಿ ಬೆರಗಾಯಿತು. ಕಾಲುನೋವಿದೆಯಲ್ಲ, ನೀನು ವಿಶ್ರಾಂತಿ ತಗೋ, ಕೋಣವೇ ಎಲ್ಲ ಹೊರುತ್ತದೆ ಎಂದು ಪುನಗಪ್ಪ ಹೇಳಿದ್ದನಂತೆ. ಇಬ್ಬರೂ ಕೋಣದ ಬಳಿಗೆ ಹೋದರು. ಅಲ್ಲಿ ಅದೇ ಕಥೆ, ಹೆಸರು ಮಾತ್ರ ಅದಲು ಬದಲು. ಕಾಡುಹಂದಿ ಹೊರುತ್ತಿದೆ ಎಂದು ಕೋಣ ನಂಬಿ ಕೂತಿತ್ತು. ವಿಷಯ ತಿಳಿದು ಕೋಣ ಗೊರಸಿನಿಂದ ನೆಲ ಕೆರೆಯಿತು, ಈಗಲೇ ಅವನ ಮೂಳೆ ಮುರಿಯುತ್ತೇನೆ ಎಂದು ಬುಸುಗುಟ್ಟಿತು.

“ಮೂಳೆ ಆಮೇಲೆ ಮುರಿಯೋಣ ಕೋಣಣ್ಣ, ಮೊದಲು ಬುತ್ತಿ ಹೋಗಲಿ,” ಎಂದಳು ಸೂಜವ್ವ.

ಬಿಸಿಲಿನಲ್ಲೇ ಅವಳು ಬಿಲ ಬಿಲ, ಮರ ಮರ ತಿರುಗಿದಳು. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಹೆಸರಿನ ಆಸೆಗೆ ತಾನೂ ಕೂಡಿಟ್ಟೆ ಎಂಬುದನ್ನೂ ಮುಚ್ಚಿಡಲಿಲ್ಲ. ತಮಗೂ ಪಾಲು ಬಂದು ಬಹಳ ದಿನವಾಯಿತು, ಎಲ್ಲ ಗುಡ್ಡಕ್ಕೇ ಹೋಗುತ್ತಿರಬೇಕು ಎಂದುಕೊಂಡಿದ್ದೆವು ಎಂದರು ಬಾಣಂತಿಯರು. ಕೇಳಿದ ಅಳಿಲು ತಲೆ ತಗ್ಗಿಸಿ ತನ್ನ ಗಂಟು ಬಿಚ್ಚಿತು. ಮೊಲದಜ್ಜಿ ಮಾತ್ರ, ನನ್ನ ಗರಿಕೆಯಿಂದ ಏನಾದೀತು ಎಂದು ಹಿಂಜರಿದಳು.

“ನಾನು ಬಿಲ ಬಿಟ್ಟು ಏಳದೆ ಇದ್ದಾಗ ಬಾಗಿಲಿಗೆ ಬರ್ತಿದ್ದುದು ರಾಶಿಯಲ್ಲ ಅಜ್ಜಿ,” ಎಂದಳು ಸೂಜವ್ವ. “ಒಂದೊಂದು ದಿನ ಬರೇ ನಾಲ್ಕು ಎಸಳು ಗರಿಕೆ ಇರ್ತಿತ್ತು. ಅದನ್ನೇ ತಿಂದು ಬದುಕಿದ್ವಿ.”

ಮೊಲದಜ್ಜಿಯ ಮೀಸೆ ಅದುರಿತು. ಎದ್ದು ಗರಿಕೆ ಕೀಳಲು ಹೋದಳು.

ಹೊತ್ತು ಇಳಿಯುವಾಗ ಮತ್ತಿ ಮರದ ಕೆಳಗೆ ಕಾಡಿಗೆ ಕಾಡೇ ನೆರೆದಿತ್ತು. ಕೂಗಲು ಪುನಗಪ್ಪನ ಸುಳಿವಿರಲಿಲ್ಲ. ತಂದದ್ದನ್ನು ನೇರವಾಗಿ ಕೋಣದ ಬೆನ್ನಿಗೆ ಹೇರೋಣ ಎಂದು ಮುಸುವ ಹೇಳಿತು. ಹಿರಿಯರು ಒಪ್ಪಲಿಲ್ಲ. ಪೊಟರೆಗೆ ಹಾಕದೆ ಹೊರಿಸುವುದುಂಟೇ, ಯಾರದು ಯಾವುದು ಎಂದು ಹೊರುವವರಿಗೂ ತಿಳಿಯಬಾರದು ಎಂದು ಹಟ ಹಿಡಿದರು. ಸರಿ, ಸುದ್ದಿ ತಂದ ಸೂಜವ್ವನೇ ಮೊದಲು ಹಾಕಲಿ ಎಂದಾಯಿತು. ಅವಳ ರಾಶಿ ಹಿಂದಿನ ದಿನವೇ ಹೋಗಿತ್ತು. ಅವಳ ಹತ್ತಿರ ಇದ್ದದ್ದು ದಾರಿಯಲ್ಲಿ ಅಗೆದ ಒಂದು ಬಡಕಲು ಗೆಡ್ಡೆ.

ಅವಳು ಪದ್ಧತಿಯ ಹಾಗೆ ಬೆನ್ನು ತಿರುಗಿಸಿದಳು. ಹಿಂದಕ್ಕೆ ನಡೆದು ಹಿಂಗಾಲಿನಿಂದ ಗೆಡ್ಡೆ ತಳ್ಳಿದಳು. ಗೆಡ್ಡೆ ಏನಕ್ಕೋ ತಾಗಿ ನಿಂತಿತು. ಒಳಗೆ ತನ್ನದೇ ರಾಶಿ ಇನ್ನೂ ತುಂಬಿಕೊಂಡಿರಬೇಕು, ಸ್ವಲ್ಪ ಸರಿಸಿದರೆ ಜಾಗವಾದೀತು ಎಂದುಕೊಂಡಳು. ಮೈಯ ಬಲವನ್ನೆಲ್ಲ ಹಾಕಿ ಒಂದು ಸಲ ಹಿಂದಕ್ಕೆ ಒತ್ತಿದಳು. ಮುಳ್ಳುಹಂದಿ ಹಿಂದಕ್ಕೆ ಒತ್ತಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕೇ?

ಪೊಟರೆಯೊಳಗಿಂದ ಒಂದು ಕಿರುಚು ಎದ್ದಿತು. ಹಿಂದೆಯೇ ಪುನಗಪ್ಪ ಉರುಳಿ ಹೊರಗೆ ಬಿದ್ದ. ಮೂತಿಯ ತುಂಬ ಮುಳ್ಳು, ಮೀಸೆಯ ತುಂಬ ಗೆಡ್ಡೆಯ ಸಿಪ್ಪೆ. ರಾತ್ರಿಯೆಲ್ಲ ತಿಂದು, ಹೊಟ್ಟೆ ಭಾರವಾಗಿ, ಏಳಲಾರದೆ ಅಲ್ಲೇ ನಿದ್ದೆ ಹೋಗಿದ್ದ. ಆ ದಿನ ಮೊದಲ ಬಾರಿಗೆ ಎಲ್ಲರೂ ಪೊಟರೆಯೊಳಗೆ ಇಣುಕಿದರು. ಒಳಗೆ ಸಿಪ್ಪೆ, ಹಣ್ಣಿನ ಓಟೆ, ಪುನುಗಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕಾವಲಿಗೆಂದು ಒಳಗೆ ಮಲಗಿದ್ದೆ ಎಂದು ಪುನಗಪ್ಪ ಊದಿದ ಬಾಯಲ್ಲೇ ತೊದಲಿದ.

“ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಇನ್ನು ಕಾವಲು ಬೇರೆ,” ಎಂದಳು ಮೊಲದಜ್ಜಿ. ಯಾರಿಗೂ ನಗು ಬರಲಿಲ್ಲ.

ಕೋಣ ಕೊಂಬು ತಗ್ಗಿಸಿತ್ತು. ಸೂಜವ್ವ ನಡುವೆ ಬಂದು ನಿಂತಳು. ಇವನು ತಿಂದದ್ದು ಮರಿಗಳ ಅನ್ನ, ಸತ್ತರೆ ಅದು ವಾಪಸು ಬರುವುದಿಲ್ಲ, ಬದಲಿಗೆ ಬುತ್ತಿ ಹೊರಲಿ ಎಂದಳು. ಹಾಗೆಯೇ ತೀರ್ಮಾನವಾಯಿತು. ಶಾಲೆ ಮುಗಿಯುವವರೆಗೂ ಪುನಗಪ್ಪ ದಿನಾ ಬೆನ್ನ ಮೇಲೆ ಬುತ್ತಿ ಹೊತ್ತು ಗುಡ್ಡ ಹತ್ತಬೇಕು, ಮುಂದೆ ಕೋಣ, ಹಿಂದೆ ಕಾಡುಹಂದಿ. ಕಿತ್ತರೂ ಬಾರದ ಎರಡು ಮುಳ್ಳು ಮೂತಿಯಲ್ಲೇ ಉಳಿದಿದ್ದವು. ಹಣ್ಣಿನ ವಾಸನೆ ಮೂಗಿಗೆ ಬಡಿದರೂ ಬಾಯಿ ದೊಡ್ಡದಾಗಿ ತೆರೆಯುವ ಹಾಗಿರಲಿಲ್ಲ. ಹಸಿದ ಮರಿಗಳ ಮುಂದೆ ಬುತ್ತಿ ಇಳಿಸಿ, ಅವು ತಿನ್ನುವುದನ್ನು ನೋಡುತ್ತ ನಿಲ್ಲಬೇಕಾಗಿತ್ತು. ಮರದ ತುದಿ ಹತ್ತಿ ಕೂಗುವ ಗಂಟಲು ಅವನಿಗೆ ಮತ್ತೆ ಬರಲಿಲ್ಲ.

ಆ ಸಂಜೆಯೇ ಬುತ್ತಿ ಹಳ್ಳ ದಾಟಿತು. ಕೋಣ ಸೂಜವ್ವನನ್ನೂ ಜೊತೆಗೆ ಕರೆಯಿತು, ಕಟ್ಟಳೆ ಇವತ್ತೊಂದು ದಿನ ಪಕ್ಕಕ್ಕಿರಲಿ ಬಿಡು ಎಂದಿತು. ಅವಳು ಹೋಗಲಿಲ್ಲ. ಹೋದರೆ ಮಗಳನ್ನು ಕರೆದುಕೊಂಡೇ ಬರುತ್ತೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶಾಲೆ ಮುಚ್ಚಲಿಲ್ಲ. ಕಾಡಿನವರು ಮತ್ತೆ ಮೊದಲಿನ ಹಾಗೆ ದಿನಕ್ಕೊಂದು ತುತ್ತು ಹಾಕಿದರು. ಮೊದಲಿನ ಹಾಗೆಯೇ ಎಂದರೆ ಸುಳ್ಳಾದೀತು. ಈಗ ವಾರಕ್ಕೊಮ್ಮೆ ಒಬ್ಬೊಬ್ಬರು ಸರದಿಯ ಮೇಲೆ ಪೊಟರೆಯೊಳಗೆ ಇಣುಕುತ್ತಿದ್ದರು, ಒಬ್ಬೊಬ್ಬರು ಗುಡ್ಡದ ಬುಡಕ್ಕೆ ಹೋಗಿ ಬುತ್ತಿ ಮುಟ್ಟಿತೇ ಎಂದು ಕೇಳಿ ಬರುತ್ತಿದ್ದರು. ಹೆಸರನ್ನು ಮಾತ್ರ ಯಾರೂ ಕೂಗಲಿಲ್ಲ. ಸೂಜವ್ವನಿಗೆ ತನ್ನ ಹೆಸರು ಕೇಳುವ ಆಸೆ ಹೋಯಿತೇ? ಹೋಗಲಿಲ್ಲ. ಕೆಲವು ಆಸೆ ಹೋಗುವುದಿಲ್ಲ, ಅದನ್ನು ಜೊತೆಗಿಟ್ಟುಕೊಂಡೇ ಗೆಡ್ಡೆ ಅಗೆಯಬೇಕು.

ಎಲೆಗಳೆಲ್ಲ ಒಣಗಿ ಉದುರಿದವು. ಗಾಳಿ ನಿಂತ ಒಂದು ಸಂಜೆ ಸೂಜವ್ವ ಹಳ್ಳದ ದಡದಲ್ಲಿ ನಿಂತಿದ್ದಳು. ಗುಡ್ಡದ ಮೇಲೆ ಮೇಷ್ಟ್ರು ಗೆಡ್ಡೆಯ ಪಾಠ ಶುರುಮಾಡಿದ್ದರು. ಮುರಿದಾಗ ಹಾಲು ಬಂದರೆ ಏನು ಮಾಡಬೇಕು ಎಂದು ಕೇಳಿದರು. ತಿನ್ನಬಾರದು ಎಂದು ಮರಿಗಳೆಲ್ಲ ಒಟ್ಟಿಗೆ ಕೂಗಿದವು. ನಾಲಿಗೆಯ ತುದಿ ಜುಮ್ಮೆಂದರೆ ಎಂದು ಕೇಳಿದರು. ಉಗುಳಬೇಕು, ನೀರು ಕುಡಿಯಬೇಕು, ಮನೆಯವರಿಗೆ ಹೇಳಬೇಕು ಎಂದು ಕೂಗಿದವು. ಆ ದನಿಗಳಲ್ಲಿ ಮೊನೆಯದು ಯಾವುದು ಎಂದು ಸೂಜವ್ವನಿಗೆ ಆ ದಿನವೂ ತಿಳಿಯಲಿಲ್ಲ. ಅವಳು ಹುಡುಕುವುದನ್ನು ಬಿಟ್ಟಳು. ಮೇಷ್ಟ್ರು ಮತ್ತೊಮ್ಮೆ ಕೇಳಿದಾಗ, ಹಳ್ಳದ ಈಚೆ ದಡದಲ್ಲಿ ಒಬ್ಬಳೇ ನಿಂತು, ಮರಿಗಳ ಜೊತೆಗೆ ತಾನೂ ಮೆಲ್ಲಗೆ ಹೇಳಿದಳು: ತಿನ್ನಬಾರದು.

ನೀತಿ: ಹೆಸರಿಗಾಗಿ ಕೂಡಿಟ್ಟ ರಾಶಿ ಕಳ್ಳನ ಪಾಲಾಗುತ್ತದೆ, ಪ್ರೀತಿಯಿಂದ ದಿನವೂ ಕೊಟ್ಟ ಒಂದು ತುತ್ತು ಊರಿನ ಮಕ್ಕಳನ್ನು ಓದಿಸುತ್ತದೆ. ಕೊಟ್ಟರೆ ಸಾಲದು, ಅದು ಮುಟ್ಟಬೇಕಾದವರಿಗೆ ಮುಟ್ಟಿತೇ ಎಂದೂ ನೋಡಬೇಕು.